ಬೇಕರಿ ಕವರಿನೊಳಗೆ ಮನೆಯ ಬನ್ನು

ಲಗ್ಗೆರೆಯಲ್ಲಿ ನಾವು ಬಾಡಿಗೆಗಿದ್ದ ಮನೆ ಒಂದು ಬೇಕರಿಯ ಮೇಲಿತ್ತು. ಕೆಳಗೆ ಅವರು ಒಲೆ ಹಚ್ಚಿದರೆ ಮೇಲೆ ನಮ್ಮ ನಡುಮನೆಯ ನೆಲ ಬೆಚ್ಚಗಾಗುತ್ತಿತ್ತು. ಸಂಜೆಯ ಹೊತ್ತಿಗೆ ಬನ್ನಿನ ವಾಸನೆ ಮೆಟ್ಟಿಲು ಹತ್ತಿ ಬಂದು, ಬಾಗಿಲು ಹಾಕಿದ್ದರೂ ಕೇಳದೆ, ನೇರ ಅಡುಗೆಮನೆಗೆ ನುಗ್ಗುತ್ತಿತ್ತು. ನಾನು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ದಿನವಿಡೀ ಅಂಗಿಗಳ ಕಾಲರು ತಿರುಗಿಸಿ ತಿರುಗಿಸಿ ನೋಡಿ ಮನೆಗೆ ಬಂದರೆ, ಆ ವಾಸನೆಗೇ ಅರ್ಧ ಸುಸ್ತು ಇಳಿಯುತ್ತಿತ್ತು. ಉಳಿದರ್ಧ ಬನ್ನು ತಿಂದ ಮೇಲೆ. ನನ್ನ ಗಂಡ ಅಲ್ಲೇ ಒಂದು ಮಷೀನ್ ಶಾಪಿನಲ್ಲಿ ಸೂಪರ್‌ವೈಸರ್. ಬನ್ನಿನ ವಿಷಯದಲ್ಲಿ ಅವರು ನನಗಿಂತ ಒಂದು ಕೈ ಮುಂದೆ. ಮನೆಗೆ ಬರುವ ದಾರಿಯಲ್ಲಿ ಕೆಳಗಿನಿಂದಲೇ ಪೊಟ್ಟಣ ಹಿಡಿದು ಬರುವುದು ಅವರ ಅಭ್ಯಾಸ.

ಈ ಸುಖಕ್ಕೆ ಕಲ್ಲು ಬಿದ್ದದ್ದು ನನ್ನ ಅತ್ತೆ ಬಂದಾಗ.

ಅತ್ತೆಯದು ರಾಣೆಬೆನ್ನೂರು ಕಡೆಯ ಹಳ್ಳಿ. ಆ ವರ್ಷ ಮೈದುನನ ಮದುವೆಯಾಗಿ ಮನೆಗೆ ಹೊಸ ಸೊಸೆ ಬಂದಿದ್ದಳು. ಮದುವೆಯ ಚಪ್ಪರ ಬಿಚ್ಚಿದ ವಾರಕ್ಕೇ ಅತ್ತೆ ಒಂದು ಗಂಟು ರೊಟ್ಟಿ ಹಿಟ್ಟು, ಒಂದು ಡಬ್ಬಿ ಬೆಣ್ಣೆ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು. "ಹೊಸಾ ಸೊಸಿ ಒಲಿ ಮುಂದ ನಿಂತಾಗ ಹಳೇ ಅತ್ತಿ ಹಿಂದ ನಿಂದರಬಾರದವಾ" ಅಂದರು. ಹಾಗಾದರೆ ನನ್ನ ಹಿಂದೆ ನಿಲ್ಲಬಹುದೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರದು ಎತ್ತರದ ಒಣ ಮೈ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗವಿಡುವ ಬೆಳ್ಳಿಯ ಕರಡಿಗೆ. ಮಾತು ಮಾತ್ರ ಹಸಿ ಮೆಣಸಿನಕಾಯಿ.

ಬಂದ ದಿನ ಸಂಜೆಯೇ ಮಗ ಪೊಟ್ಟಣ ಹಿಡಿದು ಬಂದರು. ಅತ್ತೆ ಒಂದು ಬನ್ನನ್ನು ಬೆರಳಿನಿಂದ ಒತ್ತಿ ನೋಡಿದರು. ಅದು ಒಳಗೆ ಹೋಗಿ ಮತ್ತೆ ಮೇಲೆ ಬಂತು. ಅವರ ಹುಬ್ಬೂ ಮೇಲೆ ಹೋಯಿತು.

"ಇದರಾಗ ಮೊಟ್ಟಿ ಹಾಕ್ಯಾರ."

"ಇಲ್ಲವ್ವ" ಅಂದರು ನನ್ನ ಗಂಡ.

"ಹಾಕೂದು ನೀ ನೋಡೀಯೇನು?"

ಅವರು ನೋಡಿರಲಿಲ್ಲ.

"ಮತ್ತ? ಮೊಟ್ಟಿ ಇಲ್ಲದ ಇಷ್ಟು ಮೆತ್ತಗ ಹೆಂಗ ಆಕ್ಕತಿ? ಇನ್ನ ಮ್ಯಾಲೆ ಇದು ಮನಿಯೊಳಗ ಬರೂದು ಬ್ಯಾಡ."

ಬನ್ನು ನಿಂತಿತು. ನನ್ನ ಗಂಡ ಕೆಳಗೇ ನಿಂತು ತಿಂದು, ಬಾಯೊರೆಸಿಕೊಂಡು ಮೇಲೆ ಬರಲು ಕಲಿತರು. ಗಂಡಸರಿಗೆ ಆ ಸವಲತ್ತು ಉಂಟು. ಅತ್ತೆ ಬಾಲ್ಕನಿಯಲ್ಲಿ ಕೂತು ಕೆಳಗೇ ನೋಡುತ್ತಿರುವಾಗ ನಾನು ಬೇಕರಿ ಮುಂದೆ ನಿಲ್ಲುವುದು ಹೇಗೆ? ಅತ್ತೆಗೆ ಬೇರೆ ಕೆಲಸವೂ ಇರಲಿಲ್ಲ. ಬೆಳಿಗ್ಗೆ ರೊಟ್ಟಿ ಬಡಿದರೆ ಮುಗಿಯಿತು. ಆಮೇಲೆ ದಿನವಿಡೀ ರಿಂಗ್ ರೋಡಿನ ಕಡೆ ಹೋಗುವ ಲಾರಿಗಳನ್ನು ನೋಡುತ್ತ ಕೂರುವುದು.

ಕೆಲವು ದಿನ ತಡೆದುಕೊಂಡೆ. ಆಮೇಲೊಂದು ಸಂಜೆ, "ಮನೇಲೇ ಮಾಡೋಣ ಅತ್ತೆ, ಮೊಟ್ಟೆ ಹಾಕದೆ" ಅಂದೆ.

ಅತ್ತೆ ನನ್ನ ಕಡೆ ತಿರುಗಿದರು. "ಮನ್ಯಾಗ? ಬನ್ನು?" ಕಣ್ಣಿನಲ್ಲಿ ಎಂಥದೋ ಹೊಳಪು ಬಂತು. "ಏನೇನು ಬೇಕು?"

ಮೈದಾ, ಸಕ್ಕರೆ, ಹಾಲು, ಬೆಣ್ಣೆ ಎಲ್ಲ ಸರಿ. ಯಶವಂತಪುರದ ಅಂಗಡಿಯಿಂದ ತಂದ ಈಸ್ಟಿನ ಪೊಟ್ಟಣ ತೆರೆದಾಗ ಅತ್ತೆ ಮೂಸಿ ನೋಡಿ ಮುಖ ಸಿಂಡರಿಸಿದರು. ಇದಕ್ಕೆ ಜೀವವಿದೆ, ಸಕ್ಕರೆ ತಿಂದು ಉಬ್ಬುತ್ತದೆ ಎಂದು ನಾನು ಬುದ್ಧಿಯಿಲ್ಲದೆ ವಿವರಿಸಿಬಿಟ್ಟೆ. ಅತ್ತೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಜೀವ ಐತೇನು?"

"ಮೊಸರಿನ ಹೆಪ್ಪಿಗೂ ಇರುತ್ತಲ್ಲ ಅತ್ತೆ, ಹಾಗೆ."

ಪೊಟ್ಟಣವನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಅಂದ್ರ ಇದು ಹಿಟ್ಟಿನ ಹೆಪ್ಪು" ಅಂದರು. ಅಲ್ಲಿಗೆ ಆ ವಸ್ತು ಶುದ್ಧವಾಯಿತು. ಆಮೇಲೆ ನಮ್ಮ ಮನೆಯಲ್ಲಿ ಯಾರೂ ಅದನ್ನು ಈಸ್ಟ್ ಅನ್ನಲಿಲ್ಲ.

ಓವನ್ ಇರಲಿಲ್ಲ. ದಪ್ಪ ತಳದ ಒಂದು ಹಳೆಯ ಅಲ್ಯೂಮಿನಿಯಂ ಡಬರಿ ಇತ್ತು. ತಳಕ್ಕೆ ಕಲ್ಲುಪ್ಪು ಹರಡಿ, ಅದರ ಮೇಲೆ ಏನಾದರೂ ಇಟ್ಟು, ಮೇಲೊಂದು ತಟ್ಟೆಯಲ್ಲಿ ಬನ್ನಿಟ್ಟು ಮುಚ್ಚಿದರೆ ಬೇಯುತ್ತದೆ ಎಂದು ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ಹೇಳಿದ್ದಳು. ಆ 'ಏನಾದರೂ'ಗೆ ನನ್ನ ಗಂಡ ಫ್ಯಾಕ್ಟರಿಯಲ್ಲಿ ಎಸೆದಿದ್ದ ದೊಡ್ಡ ಬೇರಿಂಗಿನ ಉಕ್ಕಿನ ಬಳೆಯೊಂದನ್ನು ತಂದುಕೊಟ್ಟರು. ಅದರ ಗ್ರೀಸು ಹೋಗಲು ಅತ್ತೆ ಒಂದಿಡೀ ಬೆಳಗು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರು. ಅಷ್ಟು ಹೊಳೆಯುವ ಬೇರಿಂಗನ್ನು ಪೀಣ್ಯದಲ್ಲಿ ಯಾರೂ ನೋಡಿರಲಾರರು.

ಮೊದಲ ಸಲ ಹಿಟ್ಟು ಕಲೆಸಿದ್ದು ಅತ್ತೆಯೇ, ನಾನು ಡ್ಯೂಟಿಯಲ್ಲಿದ್ದಾಗ. ಬಿಸಿ ನೀರು ಹಾಕಿ ಅಂತ ಹೇಳಿ ಹೋಗಿದ್ದೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದು ಅಭ್ಯಾಸವಿದ್ದ ಕೈ, ಇದಕ್ಕೂ ಕುದಿಯುವ ನೀರನ್ನೇ ಸುರಿದಿತ್ತು. ನಾನು ಬರುವ ಹೊತ್ತಿಗೆ ಹಿಟ್ಟಿನ ಮುದ್ದೆ ಪಾತ್ರೆಯ ತಳ ಹಿಡಿದು ಕೂತಿತ್ತು. ಅತ್ತೆ ಅದರ ಮುಂದೆ ಕೂತಿದ್ದರು.

"ಹೆಪ್ಪು ಮಲಗೈತಿ. ಎಬ್ಬಸೂಣು ತಡಿ" ಅಂದರು.

ಅದು ಏಳಲಿಲ್ಲ. ಆದರೂ ಬೇಯಿಸಿದೆವು. ನನ್ನ ಗಂಡ ಬಂದವರು ಒಂದನ್ನು ಕೈಯಲ್ಲಿ ತೂಗಿ ನೋಡಿದರು, ಮೇಜಿಗೆ ಕುಟ್ಟಿದರು. ಟಕ್ ಟಕ್ ಅಂತ ಸದ್ದು ಬಂತು.

"ಅವ್ವಾ, ಇವನ್ನ ನಮ್ಮ ಫ್ಯಾಕ್ಟರಿಗೆ ಕೊಡು. ಗ್ರೈಂಡಿಂಗ್ ವೀಲ್ ಬದಲಿ ಹಾಕ್ತೀವಿ" ಅಂದು, ತಮ್ಮ ಜೋಕಿಗೆ ತಾವೇ ನಗುತ್ತ ಕೆಳಗೆ ಹೋದರು. ವಾಪಸು ಬಂದಾಗ ಅತ್ತೆ ಅವರನ್ನೇ ದಿಟ್ಟಿಸಿ ನೋಡಿ, "ನಿನ್ನ ಬನ್ನು ಮೀಸ್ಯಾಗ ಐತಿ, ಒರಸ್ಕೋ" ಅಂದರು. ಮಾತು ಅಷ್ಟೇ. ಆದರೆ ಆ ಗ್ರೈಂಡಿಂಗ್ ವೀಲ್ ಎಲ್ಲಿ ನಾಟಿತ್ತು ಅಂತ ನನಗೆ ಗೊತ್ತಾಯಿತು.

ಮರುದಿನ ಡ್ಯೂಟಿ ಮುಗಿಸಿ ಬರುವಾಗ, ಅತ್ತೆ ಬಾಲ್ಕನಿಯಲ್ಲಿ ಇಲ್ಲದ್ದನ್ನು ನೋಡಿಕೊಂಡು, ಬೇಕರಿಯವರನ್ನು ಕೇಳಿದೆ. ಹಾಸನದ ಕಡೆಯವರು, ಸಮಾಧಾನದ ಮನುಷ್ಯ. "ನೀರು ಉಗುರುಬೆಚ್ಚಗೆ ಇರ್ಬೇಕು ಅಕ್ಕ. ಬೆರಳು ಅದ್ದಿದ್ರೆ ಹಾಯ್ ಅನ್ನಿಸ್ಬೇಕು. ಸುಟ್ರೆ ಈಸ್ಟ್ ಸತ್ತೋಗುತ್ತೆ" ಅಂದರು.

ಹಾಗೇ ಮಾತಿಗೆ ಕೇಳಿದೆ: "ನೀವು ಬನ್ನಿಗೆ ಮೊಟ್ಟೆ ಎಷ್ಟು ಹಾಕ್ತೀರಾ?"

ಅವರು ಗಲ್ಲಕ್ಕೆ ಕೈ ಹಚ್ಚಿಕೊಂಡರು. "ಅಯ್ಯೋ, ನಮ್ಮ ಅಂಗಡಿ ಹೊಸಲು ಮೊಟ್ಟೆ ದಾಟಿದ್ದೇ ಇಲ್ಲ ಅಕ್ಕ! ನಾವೂ ತಿನ್ನಲ್ಲ, ಮಾರೋದೂ ಇಲ್ಲ."

ಈ ಸುದ್ದಿ ಹೇಳಿಬಿಡೋಣ ಎಂದು ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದರೆ ಅತ್ತೆ ಸೆರಗು ಸಿಕ್ಕಿಸಿ, ಮೊಣಕೈವರೆಗೆ ಮೈದಾ ಮೆತ್ತಿಕೊಂಡು, ಹೊಸದಾಗಿ ಕಲೆಸಿದ ಹಿಟ್ಟನ್ನು ಬೈಯುತ್ತ ನಾದುತ್ತಿದ್ದರು. "ಏಳ್ತೀಯೋ ಇಲ್ಲೋ? ಅವನ ಮುಂದ ನನ್ನ ಮರ್ಯಾದಿ ಕಳೀತಿಯೇನು?" ಲಗ್ಗೆರೆಗೆ ಬಂದ ಮೇಲೆ ಅವರನ್ನು ಇಷ್ಟು ಹುರುಪಿನಲ್ಲಿ ನಾನು ನೋಡಿರಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಬರೀ ಕರುಣೆಯಿಂದ ಅಂತ ತಿಳಿಯಬೇಡಿ. ಅವರು ಬನ್ನು ಮಾಡುವಷ್ಟು ಹೊತ್ತು ನನ್ನ ಸಾಂಬಾರಿನ ತಪ್ಪು ಹುಡುಕುವವರು ಯಾರೂ ಇರಲಿಲ್ಲ, ಭಾನುವಾರ ಮಧ್ಯಾಹ್ನ ನನಗೊಂದು ನಿದ್ದೆ ಸಿಗುತ್ತಿತ್ತು. ನೀರಿನ ಗುಟ್ಟು ಮಾತ್ರ ಹೇಳಿದೆ.

ಆ ಭಾನುವಾರ ಹೆಪ್ಪು ಎದ್ದಿತು. ಎದ್ದದ್ದು ಎಷ್ಟೆಂದರೆ ಮುಚ್ಚಿದ್ದ ತಟ್ಟೆಯನ್ನೇ ತಲೆಯ ಮೇಲೆ ಹೊತ್ತುಕೊಂಡು ನಿಂತಿತು. ಅತ್ತೆ ಹಿಟ್ಟಿನ ಬೆನ್ನಿಗೊಂದು ಹೊಡೆದು, ಉಂಡೆ ಮಾಡಿ, ಏಲಕ್ಕಿ ಕುಟ್ಟಿ ಹಾಕಿ, ಊರಿನ ಬೆಣ್ಣೆ ಸವರಿ ಡಬರಿಗಿಟ್ಟರು. ಬೆಂದವು, ಆದರೆ ನೆತ್ತಿ ಬೆಳ್ಳಗೇ ಉಳಿಯಿತು. ಕೆಳಗಿನಿಂದ ಮಾತ್ರ ಉರಿಯಿದ್ದರೆ ಮೇಲೆ ಬಣ್ಣ ಎಲ್ಲಿಂದ ಬರಬೇಕು? ಅತ್ತೆ ರೊಟ್ಟಿಯ ಕಬ್ಬಿಣದ ಹಂಚನ್ನು ಇನ್ನೊಂದು ಒಲೆಯ ಮೇಲೆ ಕೆಂಪಗಾಗುವಂತೆ ಕಾಯಿಸಿ, ಇಕ್ಕಳದಿಂದ ಎತ್ತಿ ಡಬರಿಯ ಬಾಯಿಗೆ ಮುಚ್ಚಿದರು. ತೆಗೆದಾಗ ಬನ್ನುಗಳು ಬಿಸಿಲಲ್ಲಿ ಆಡಿ ಬಂದ ಮಕ್ಕಳ ಹಾಗೆ ಕಂದಿ ಹೊಳೆಯುತ್ತಿದ್ದವು. ಬಿಸಿ ಇರುವಾಗಲೇ ಮುರಿದು ಬಾಯಿಗಿಟ್ಟುಕೊಂಡೆ. ಎಳೆ ಎಳೆಯಾಗಿ ಬಿಟ್ಟು ಬಂತು. ನನ್ನ ಕಣ್ಣು ತಾನಾಗಿ ಮುಚ್ಚಿತು.

ನನ್ನ ಗಂಡ ಎರಡು ತಿಂದರು. ಮೂರನೆಯದಕ್ಕೆ ಕೈ ಹಾಕುತ್ತ, "ಪರವಾಗಿಲ್ಲ. ಆದ್ರೆ ಬೇಕರೀದು ಬೇಕರೀದೇ" ಅಂದರು.

ಅತ್ತೆ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಸೋಮವಾರ ನಾನು ಬಸ್ಸಿಗೆ ಹೊರಟಾಗ ಬಾಗಿಲ ತನಕ ಬಂದು, "ಆ ಬೇಕರಿ ಚೀಲ ಖಾಲಿದು ಸಿಗ್ತಾವೇನು?" ಅಂತ ಮೆಲ್ಲಗೆ ಕೇಳಿದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬಸ್ಸಿನಲ್ಲಿ ಒಬ್ಬಳೇ ನಗುತ್ತ ಹೋದೆ.

ಚೀಲಗಳನ್ನು ಅತ್ತೆಯೇ ತಂದರು. ಊರಿಗೆ ಚಟ್ನಿಪುಡಿ ಕಟ್ಟಿ ಕಳಿಸಬೇಕು ಅಂತ ಬೇಕರಿಯವರ ಹತ್ತಿರ ಸುಳ್ಳು ಹೇಳಿ, ಕೇಕಿನ ಚಿತ್ರವಿದ್ದ ಒಂದಷ್ಟು ಕವರು ಇಸಕೊಂಡಿದ್ದರು. ಆಮೇಲೆ ಮಗನಿಗೆ ಘನಗಂಭೀರವಾಗಿ ಹೇಳಿದರು: "ದುಡಿಯೋ ಗಂಡಸು ನೀ. ಬೀದ್ಯಾಗ ನಿಂತು ಯಾಕ ತಿಂತಿ? ನಿನ್ನ ಹೆಂಡ್ತಿ ತಂದಿಟ್ಟಿರ್ತಾಳ. ನಿನ್ನ ಪೂರ್ತೆ ಬ್ಯಾರೆ ತಟ್ಟಿಯೊಳಗ ಮನ್ಯಾಗ ತಿನ್ನು." ತಾಯಿಯ ಈ ಔದಾರ್ಯಕ್ಕೆ ಅವರು ಕೈ ಮುಗಿಯುವುದೊಂದು ಬಾಕಿ. ನಾನು ಗೋಡೆ ಕಡೆ ತಿರುಗಿದೆ.

ಅಂದಿನಿಂದ ಒಂದೇ ಡಬರಿಯ ಬನ್ನು ಎರಡು ತಟ್ಟೆಗೆ ಬರತೊಡಗಿತು. ಒಂದು 'ಮನೇದು'. ಇನ್ನೊಂದು, ಕವರಿನಿಂದ ಅವರ ಕಣ್ಣೆದುರೇ ತೆಗೆದ 'ಬೇಕರೀದು'. ಅವರು ಎರಡನ್ನೂ ತಿಂದು ತೀರ್ಪು ಕೊಡುತ್ತಿದ್ದರು. "ಇದು ಕಣೇ ಬನ್ನು ಅಂದ್ರೆ! ನೋಡು, ಬಾಯಲ್ಲಿ ಇಟ್ರೆ ಕರಗುತ್ತೆ." ಆಮೇಲೆ ತಾಯಿಯ ಕಡೆ ತಿರುಗಿ, ನೋಯಿಸಬಾರದು ಎಂಬ ಎಚ್ಚರದಿಂದ, "ನಿಂದೂ ಚಲೋ ಐತಿ ಅವ್ವ. ಆದ್ರ ಏನೋ ಒಂದು ಕಡಿಮಿ ಐತಿ."

"ಏನಪ್ಪ ಕಡಿಮಿ?"

"ಕೈ ಪಳಗಬೇಕವ್ವ. ಅವರದು ತಲಿಮಾರಿನ ಕೈ."

ನಾವಿಬ್ಬರೂ ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಳ್ಳುತ್ತಿದ್ದೆವು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅತ್ತೆಯ ಹೆಗಲ ಮೇಲೆ ತಲೆಯಿಟ್ಟು ನಕ್ಕದ್ದು ಅದೇ ಮೊದಲು.

ಹೀಗೇ ಇನ್ನಷ್ಟು ಕಾಲ ನಡೆಯುತ್ತಿತ್ತೋ ಏನೋ. ಆದರೆ ನನ್ನ ಗಂಡನಿಗೆ ಒಳ್ಳೆಯ ಕೆಲಸವನ್ನು ಮೆಚ್ಚುವ ಕೆಟ್ಟ ಚಾಳಿಯಿತ್ತು. ಒಂದು ಭಾನುವಾರ ಹಾಲು ತರಲು ಕೆಳಗೆ ಹೋದವರು ಬೇಕರಿಯವರ ಕೈ ಕುಲುಕಿ, "ಏನ್ ಗುರು, ಇತ್ತೀಚೆಗೆ ಬನ್ನು ಸಕ್ಕತ್ತಾಗಿ ಬರ್ತಿದೆ! ಏಲಕ್ಕಿ ಯಾವಾಗಿಂದ ಹಾಕೋಕೆ ಶುರು ಮಾಡಿದ್ರಿ?" ಅಂದರಂತೆ.

"ಏಲಕ್ಕಿನಾ? ನಾವು ಹಾಕಲ್ವಲ್ಲ ಸಾರ್. ಅದೂ ಅಲ್ದೆ ನಿಮ್ಮನೆಯವರು ಬನ್ ತಗೊಂಡು ಎಷ್ಟು ದಿನ ಆಯ್ತು! ಏನೋ ಬೇಜಾರಾಗಿದೆ ಅಂದ್ಕೊಂಡೆ. ಅಜ್ಜಿ ಬಂದು ಖಾಲಿ ಕವರ್ ಮಾತ್ರ ಇಸ್ಕೊಂಡು ಹೋಗ್ತಾರೆ."

ಇಬ್ಬರೂ ಒಟ್ಟಿಗೇ ಮೇಲೆ ಬಂದರು. ಬಾಗಿಲು ತೆರೆದಿತ್ತು. ಅಡುಗೆಮನೆಯಲ್ಲಿ ನಾನು ಕವರಿನ ಬಾಯಿ ಅಗಲಿಸಿ ಹಿಡಿದಿದ್ದೆ, ಅತ್ತೆ ಬಿಸಿ ಬನ್ನೊಂದನ್ನು ಅದರೊಳಗೆ ಇಳಿಸುತ್ತಿದ್ದರು. ಅರ್ಧ ಒಳಗೆ, ಅರ್ಧ ಹೊರಗೆ.

ನನ್ನ ಗಂಡ ಬನ್ನನ್ನು ನೋಡಿದರು, ಕವರನ್ನು ನೋಡಿದರು. "ಅಂದ್ರೆ ಇಷ್ಟು ದಿನ...?"

"ತಲಿಮಾರಿನ ಕೈ" ಅಂದರು ಅತ್ತೆ, ಕಣ್ಣು ಮಿಟುಕಿಸದೆ.

ಪಾಪ, ಬೇಕರಿಯವರಿಗೆ ಬೇರೆಯದೇ ಚಿಂತೆ. "ಅಲ್ಲ ಅಜ್ಜಿ, ಇಷ್ಟೆಲ್ಲ ಕಷ್ಟ ಯಾಕೆ? ನಮ್ಮ ಬನ್ನಲ್ಲಿ ಮೊಟ್ಟೆ ಇಲ್ಲ ಅಂತ ಅವತ್ತೇ ಹೇಳಿದ್ನಲ್ಲ ನಿಮಗೆ. ಅಕ್ಕನಿಗೂ ಹೇಳಿದ್ದೆ."

ಅತ್ತೆ ನನ್ನ ಕಡೆ ತಿರುಗಿದರು, ನಾನು ಅತ್ತೆಯ ಕಡೆ.

"ನಿನಗೂ ಗೊತ್ತಿತ್ತೇನು?"

"ನಿಮಗೂ ಗೊತ್ತಿತ್ತಾ?"

ಅತ್ತೆ ಕವರು ತರಲು ಮೊದಲ ಸಲ ಹೋದಾಗಲೇ ಮೊಟ್ಟೆಯ ವಿಷಯ ಕೇಳಿದ್ದರಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಮಗ ಕೇಳಿದ್ದಕ್ಕೆ ಅತ್ತೆ ರೇಗಿದರು. "ಹೇಳಿದ್ರ ನೀ ಮತ್ತ ಕೆಳಗಿಂದ ತರ್ತಿದ್ದಿ. ಆಮ್ಯಾಲೆ ನಾ ದಿನಾ ಏನ್ ಮಾಡ್ಲಿ? ಬಾಲ್ಕನ್ಯಾಗ ಕುಂತು ಲಾರಿ ಕಾಯ್ಲೇನು?"

ಬೇಕರಿಯವರು ಮೊದಲು ನಕ್ಕರು. ಆಮೇಲೆ ನಾನು. ನನ್ನ ಗಂಡ ಒಂದಿಷ್ಟು ಹೊತ್ತು ಮುಖ ಗಂಟಿಕ್ಕಿ ನೋಡಿದರು, ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ಟು ಅಲುಗಾಡತೊಡಗಿದಾಗ ಅವರೂ ನಗುತ್ತಿದ್ದಾರೆಂದು ತಿಳಿಯಿತು.

ಬೇಕರಿಯವರಿಗೆ ಒಂದು ಬನ್ನು ಕೊಟ್ಟೆವು. ನಿಂತಲ್ಲೇ ತಿಂದರು. "ಚೆನ್ನಾಗಿದೆ ಅಜ್ಜಿ. ಏಲಕ್ಕಿ ಮಾತ್ರ ಸ್ವಲ್ಪ ಜಾಸ್ತಿ ಆಯ್ತು" ಅಂದರು.

"ಜಾಸ್ತಿ ಆಗಿಲ್ಲ. ನಿಮ್ಮದರಾಗ ಇಲ್ಲ, ಅದಕ್ಕ ಹಂಗ ಅನಸ್ತತಿ."

ಅವರು ಕೆಳಗೆ ಹೋಗಿ ತಮ್ಮ ಒಂದು ಬನ್ನು ಕಳಿಸಿಕೊಟ್ಟರು. ಅತ್ತೆ ಅದನ್ನು ಮುರಿದು, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ನಾವು ಕಾಯುತ್ತಿದ್ದೆವು. "ಮೆತ್ತಗ ಐತಿ" ಅಂದರು ಕೊನೆಗೆ. "ನಮ್ಮದಕ್ಕಿಂತ ಮೆತ್ತಗ ಐತಿ." ಎಲ್ಲವನ್ನೂ ತಿಂದು ಮುಗಿಸಿದ ಮೇಲೆ, "ರುಚಿ ನಮ್ಮದು" ಅಂತ ಸೇರಿಸಿದರು.

ಶಿಕ್ಷೆ ಬಿದ್ದದ್ದು ಮಾತ್ರ ನನ್ನ ಗಂಡನಿಗೆ. ನಾಲಿಗೆ ಅಷ್ಟು ಚುರುಕಾಗಿದ್ದರೆ ಕೈಯೂ ಚುರುಕಾಗಲಿ ಎಂದು ಅತ್ತೆ ಮುಂದಿನ ಭಾನುವಾರ ಹಿಟ್ಟಿನ ಪರಾತ ಅವರ ಮುಂದೆ ತಳ್ಳಿದರು. ಬನಿಯನ್ ಹಾಕಿಕೊಂಡು ನೆಲದ ಮೇಲೆ ಕೂತು, ಐದು ಬೆರಳಿಗೂ ಅಂಟಿಕೊಂಡ ಮೈದಾ ಬಿಡಿಸಲು ಒದ್ದಾಡುತ್ತ, ಅವರು ನನ್ನ ಕಡೆ ದೀನವಾಗಿ ನೋಡಿದರು.

"ಏನಾದ್ರೂ ಹೇಳೇ ಅವ್ವಂಗೆ."

"ಪರವಾಗಿಲ್ಲ, ಚೆನ್ನಾಗಿ ಮಾಡ್ತಿದೀರಿ" ಅಂದು ನಾನು ದಿಂಬು ತೆಗೆದುಕೊಂಡು ಒಳಗೆ ಮಲಗಲು ಹೋದೆ. ಗೋಡೆಯಾಚೆಯಿಂದ ಅತ್ತೆಯ ದನಿ ಕೇಳುತ್ತಲೇ ಇತ್ತು: "ಹಂಗಲ್ಲೋ, ಅಂಗೈಲೆ ಒತ್ತು, ಅಂಗೈಲೆ!"