ಜಿಮ್ಮಿಯನ್ನು ನೋಡಲು ಬರುತ್ತಿದ್ದ ಫೋನ್

ಗೆಳೆಯರೇ, ನಮ್ಮ ನಾಯಿ ಜಿಮ್ಮಿ ಇವತ್ತು ಬೆಳಿಗ್ಗೆ ಸತ್ತುಹೋಯಿತು. ಅಕ್ಕ ಮದುವೆಗೆ ಮೊದಲು ತಂದು ಸಾಕಿದ ನಾಯಿ.

ಅಮ್ಮನ ತಿಥಿಯ ದಿನ ಜಗಳವಾಡಿ ಅಕ್ಕನೂ ನಾನೂ ಮಾತು ಬಿಟ್ಟು ಎರಡು ವರ್ಷ. ಆದರೂ ಅವಳು ತೀರ್ಥಹಳ್ಳಿಯಿಂದ ದಿನಾ ಸಂಜೆ ವಿಡಿಯೋ ಕಾಲ್ ಮಾಡುತ್ತಿದ್ದಳು, ಜಿಮ್ಮಿಯನ್ನು ನೋಡಲು. ನಾನು ಫೋನನ್ನು ಅದರ ಮುಖದೆದುರು ಹಿಡಿದು ಸುಮ್ಮನೆ ನಿಲ್ಲುತ್ತಿದ್ದೆ. "ಉಂಡ್ಯಾ? ಕಾಲು ನೋವು ಕಡ್ಮೆ ಆಯ್ತಾ?" ಎಂದು ಕೇಳುತ್ತಿದ್ದಳು. ಕಾಲು ನೋವು ನನಗೂ ಇತ್ತು.

ಇವತ್ತೂ ಫೋನ್ ಬಂತು. ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿಕೊಂಡು, "ಅಕ್ಕಾ, ಜಿಮ್ಮಿ ಹೋಯ್ತು" ಎಂದೆ. ಇಬ್ಬರೂ ತುಂಬಾ ಹೊತ್ತು ಅತ್ತೆವು. ಕೊನೆಗೆ ಅವಳು, "ಇನ್ನು ಫೋನ್ ಮಾಡಕ್ಕೆ ಎಂತ ಇದೆ ಬಿಡು" ಎಂದಳು.

"ಇಲ್ಲ, ಮಾಡು" ಎನ್ನುವಷ್ಟರಲ್ಲಿ ಕಟ್ ಆಯಿತು. ನೆಟ್‌ವರ್ಕ್ ಹೋಗಿರಬೇಕೆಂದು ನೋಡಿದೆ. ನಮ್ಮ ಬ್ಯಾಕೋಡಿನಲ್ಲಿ ಎಂದೂ ಇಲ್ಲದ ಹಾಗೆ ನಾಲ್ಕೂ ಕಡ್ಡಿ ತುಂಬಿದ್ದವು.