ಮೇಯರ್ ಹಂದಿ ಹತ್ತಿದ್ದು

ನನ್ನ ಗಂಡ ಗ್ವೆನೊಲೆ ಮಾರ್ಚ್‌ನಲ್ಲಿ ತೀರಿಕೊಂಡ. ಮರಣ ಪ್ರಮಾಣಪತ್ರದಲ್ಲಿ ಕಸುಬು ಎಂಬಲ್ಲಿ ‘ಪೊಂಪೊಂ ಆಡಿಸುವವನು’ ಎಂದು ಬರೆಸಿದೆ. ಗುಮಾಸ್ತೆ ನಕ್ಕಳು. ನಾನು ನಗಲಿಲ್ಲ.

ಪ್ರಾಯದಲ್ಲಿ ಅವನು ನೌಕಾಪಡೆಯಲ್ಲಿದ್ದ. ನಮ್ಮ ನಾವಿಕರ ಟೊಪ್ಪಿಯ ನೆತ್ತಿಯಲ್ಲಿ ಕೆಂಪು ಉಣ್ಣೆಯ ಉಂಡೆ ಇರುತ್ತದೆ, ಅದೇ ಪೊಂಪೊಂ. ಹಡಗಿನ ತಗ್ಗು ಸೂರು ತಲೆಗೆ ಬಡಿಯದಿರಲಿ ಎಂದು ಇಟ್ಟದ್ದು ಅನ್ನುತ್ತಾರೆ. ಆದರೂ ಗ್ವೆನೊಲೆಗೆ ಬಡಿಯಿತು. ಪೊಂಪೊಂ ಮುಟ್ಟಿದರೆ ಅದೃಷ್ಟ ಅಂತಲೂ ಅನ್ನುತ್ತಾರೆ. ನಾನು ಮುಟ್ಟಿದೆ, ಅವನು ಸಿಕ್ಕಿದ.

ಬಂದರಿನ ಚೌಕದಲ್ಲಿ ಮರದ ಕುದುರೆ, ಹಂದಿಗಳ ತಿರುಗಣಿ ಹಾಕಿದೆವು. ಮೇಲಿಂದ ಹಗ್ಗದಲ್ಲಿ ಒಂದು ಪೊಂಪೊಂ ತೂಗುತ್ತದೆ. ಸುತ್ತುವ ಮಗು ಅದನ್ನು ಕಿತ್ತುಕೊಂಡರೆ ಇನ್ನೊಂದು ಸುತ್ತು ಪುಕ್ಕಟೆ. ಹಗ್ಗ ಇವನ ಕೈಯಲ್ಲಿ. ಜಂಬದ ಮಗು ಬಂದರೆ ಪೊಂಪೊಂ ಮೇಲೆತ್ತುತ್ತಿದ್ದ, ಅಳುವ ಮಗು ಬಂದರೆ ಇಳಿಸುತ್ತಿದ್ದ.

ಕೆರ್ವೆಲ್ಲ ಎಂಬ ಹೊಸ ಮೇಯರ್ ಬಂದರು. ಚೌಕದ ಪರವಾನಗಿ ಅವರ ಕೈಯಲ್ಲಿ.

“ಇದು ಪಕ್ಷಪಾತ ಕಣ್ರೀ ಗ್ವೆನೊಲೆ. ಪಟ್ಟಿ ಮಾಡಿ, ಸರದಿ ಪ್ರಕಾರ ಕೊಡಿ.”

“ಸರದಿ ಪ್ರಕಾರ ಕೊಡೋಕೆ ಇದೇನು ಹಲ್ಲು ಕೀಳೋ ಜಾಗಾನಾ ಸಾಹೇಬ್ರೇ?”

“ಹಾಗಾದ್ರೆ ಜಾಗ ಖಾಲಿ ಮಾಡಿ.”

“ನೀವೇ ಹತ್ತಿ. ಇಪ್ಪತ್ತು ಸುತ್ತಲ್ಲಿ ಕಿತ್ಕೊಂಡ್ರೆ ಹೊರಟ್ವಿ. ಆಗ್ದಿದ್ರೆ ಪಟ್ಟಿ ಗಿಟ್ಟಿ ಮಾತೆತ್ಬೇಡಿ.”

“ನಿಂಗೇನು ತಲೆ ಕೆಟ್ಟಿದ್ಯಾ?” ಅಂದೆ ನಾನು. ನಮಗೆ ಬೇರೆ ಅನ್ನವಿರಲಿಲ್ಲ.

ಭಾನುವಾರ ಮೇಯರ್ ತಮ್ಮ ಹುದ್ದೆಯ ಮೂರು ಬಣ್ಣದ ಬಟ್ಟೆಪಟ್ಟಿಯನ್ನು ಹೆಗಲಿಗೆ ಅಡ್ಡ ತೊಟ್ಟು ಬಂದರು. ಕುದುರೆ ಮೇಲೆ ಕಾಲು ಹಿಡಿಸಲಿಲ್ಲ, ಹಂದಿ ಹತ್ತಿದರು. ಚರ್ಚ್ ಬಿಟ್ಟ ಜನವೆಲ್ಲ ಸುತ್ತ ನಿಂತರು. ಏಳನೇ ಸುತ್ತಿಗೆ ಹಂದಿಯ ಬೆನ್ನ ಮೇಲೆ ಎದ್ದು ನಿಂತರು. ಹನ್ನೆರಡಕ್ಕೆ ಕನ್ನಡಕ ಹಾರಿತು.

“ಮೂಗಲ್ಲಿ ಹಿಡೀರಿ ಸಾಹೇಬ್ರೇ, ಕೈಗಿಂತ ಅದೇ ಉದ್ದ ಇದೆ!” ಎಂದು ಮೀನು ಮಾರುವ ಅನ್ನೈಗ್ ಕೂಗಿದಳು.

ಹತ್ತೊಂಬತ್ತನೆಯದರಲ್ಲಿ ಮೇಯರ್ ತುಟಿ ನಡುಗಿತು. “ಚಿಕ್ಕೋನಿದ್ದಾಗ್ಲೂ ಒಂದ್ಸಲಾನೂ ಸಿಗ್ಲಿಲ್ಲ ಕಣ್ರೀ.” ಕಣ್ಣಲ್ಲಿ ನೀರು.

ನಾನು ಗಂಡನ ತೋಳು ಚಿವುಟಿದೆ. “ಇಳಿಸಿದ್ಯೋ, ನೋಡು ಮತ್ತೆ!”

ಇಳಿಸಿದ.

ಮೇಯರ್ ಪೊಂಪೊಂ ಎದೆಗವಚಿ ಕೇಕೆ ಹಾಕಿದರು. ನಾನು ಸ್ಪ್ಯಾನರ್ ತಂದು ಕುದುರೆ ಬಿಚ್ಚತೊಡಗಿದೆ.

“ಏನ್ಮಾಡ್ತಿದೀರಮ್ಮಾ?”

“ಗೆದ್ರಲ್ಲ. ಹೋಗ್ತೀವಿ.”

“ನನ್ನ ಪುಕ್ಕಟೆ ಸುತ್ತು ಹಾಗೇ ಇದೆ. ಅದು ಮುಗೀದೆ ಹ್ಯಾಗೆ ಹೋಗ್ತೀರಿ?”

“ಹತ್ತಿ ಹಾಗಾದ್ರೆ.”

“ಇವತ್ತು ತಲೆ ಸುತ್ತುತ್ತಮ್ಮಾ. ಮುಂದಿನ ವಾರ ಬರ್ತೀನಿ.”

ಹನ್ನೊಂದು ವರ್ಷ ಬಂದರು. ಒಂದು ವಾರ ಮಂಡಿ ನೋವು, ಇನ್ನೊಂದು ವಾರ ಹೊಟ್ಟೆ ತುಂಬ ಸೀಗಡಿ. ಒಮ್ಮೆಯೂ ಹತ್ತಲಿಲ್ಲ. ಪಟ್ಟಿಯ ಮಾತೂ ಎತ್ತಲಿಲ್ಲ. ಗ್ವೆನೊಲೆ ಹಗ್ಗ ಆಡಿಸಿಕೊಂಡೇ ಇದ್ದ.

ಮಣ್ಣು ಮಾಡಿದ ಮರುದಿನ ಮೇಯರ್ ಬಂದು ಹಂದಿಯ ಪಕ್ಕ ನಿಂತರು. ಪರವಾನಗಿ ಇದ್ದದ್ದು ಸತ್ತವನ ಹೆಸರಲ್ಲಿ, ಬೇಕೆಂದರೆ ಅಂದೇ ಜಾಗ ಖಾಲಿ ಮಾಡಿಸಬಹುದಿತ್ತು.

“ಹತ್ತೀರಾ?” ಕೇಳಿದೆ.

“ಇವತ್ತು ಬೇಡಮ್ಮ. ಕರೀ ಪ್ಯಾಂಟು, ಹಂದಿ ಬಣ್ಣ ಹತ್ತುತ್ತೆ.”

ಹಂದಿಗೆ ಬಣ್ಣ ಬಳಿದು ಒಂಬತ್ತು ವರ್ಷವಾಗಿತ್ತು. ನಾನು ಹಗ್ಗ ಹಿಡಿದು ನಿಂತೆ. ಮಕ್ಕಳು ಬರುತ್ತಿದ್ದರು.