ಮರ್ಮಶೇನಿನಲ್ಲಿ ಎಣಿಕೆ ತಪ್ಪಿದ್ದು

ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಒಂದು ವಾಸನೆ ಬಂತು. ಓಮಿನ ಕಾಳನ್ನು ಬಿಸಿ ಹಂಚಿನ ಮೇಲೆ ಚೆಲ್ಲಿದಂತೆ, ಅದರ ಹಿಂದೆಯೇ ಒಣಹುಲ್ಲಿನ ಘಮ. ಮಗಳು ಆರ್ಮೇನಿಯಾದಿಂದ ಕಳಿಸಿದ ಯಾವುದೋ ಬೆಟ್ಟದ ಸೊಪ್ಪನ್ನು ನನ್ನ ಹೆಂಡತಿ ಶಾಂತಾ ನೀರಿಗೆ ಹಾಕಿ ಕುದಿಸುತ್ತಿದ್ದಳು. ಅಲ್ಲಿಯ ಜನ ಅದನ್ನು ಚಹಾ ಎಂದು ಕುಡಿಯುತ್ತಾರೆ. ನನ್ನ ನಾಲಿಗೆಗೆ ಅದು ನೆಗಡಿಯ ಕಷಾಯವೇ. ಆದರೂ ವಾಸನೆ ಮೂಗಿಗೆ ತಾಗಿದ್ದೇ ತಡ, ಪೇಪರು ಮಡಿಸಿಟ್ಟು ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಅಂಗಳಕ್ಕೆ ಹೋದೆ. ಶಿಗ್ಗಾಂವಿಯ ನಮ್ಮ ಮನೆಯ ಅಂಗಳ ದೊಡ್ಡದೇನಲ್ಲ, ಏಳೆಂಟು ಹೆಜ್ಜೆಗೆ ಮುಗಿದುಹೋಗುತ್ತದೆ.

"ಏನ್ ಕಳಕೊಂಡೀರಿ?" ಎಂದಳು ಶಾಂತಾ ಒಳಗಿನಿಂದಲೇ.

"ಏನಿಲ್ಲ" ಎಂದೆ.

ನಿಮಗೆ ಹೇಳಿಬಿಡುತ್ತೇನೆ. ನಾನು ಕೂತಲ್ಲಿ ಕೂರುವ ಮನುಷ್ಯನಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಆಗಿ, ಆಮೇಲೆ ಹಾನಗಲ್ಲು, ಸವಣೂರಿನ ಬಸ್‌ಸ್ಟ್ಯಾಂಡುಗಳಲ್ಲಿ ಕಂಟ್ರೋಲರ್ ಆಗಿ ಬದುಕು ಕಳೆದವನು. ಬಸ್ಸು ಬರುವ ಹೊತ್ತು, ಬಿಡುವ ಹೊತ್ತು, ಇವೆರಡರ ನಡುವಿನ ತಳಮಳ, ಇಷ್ಟೇ ನನಗೆ ಗೊತ್ತಿರುವ ಕಾಲ. ನಿವೃತ್ತನಾದ ಮೇಲೂ ಮದುವೆಮನೆಯ ಪಂಕ್ತಿಯಲ್ಲಿ ಕೂತರೆ ಎದುರು ಸಾಲಿನ ತಲೆ ಎಣಿಸುತ್ತೇನೆ. ಒಂದು ಹೋಳಿಗೆ ಮುಗಿಯುವಷ್ಟರಲ್ಲಿ ಎರಡು ಸಲ ಎಣಿಕೆಯಾಗಿರುತ್ತದೆ. ಶಾಂತಾ ಮೊಣಕೈಯಿಂದ ತಿವಿಯುತ್ತಾಳೆ. ಈ ಎಣಿಕೆಯ ಚಟ ಎಲ್ಲಿಂದ ಅಂಟಿಕೊಂಡಿತು ಎಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ ಎಂಬುದು ನನಗೆ ತಿಳಿದದ್ದು ಹೋದ ವರ್ಷ, ಪರದೇಶದ ಒಂದು ಹೊಳೆದಂಡೆಯಲ್ಲಿ.

ನಮ್ಮ ಮಗಳು ಕಾವ್ಯಾ ಯೆರೆವಾನ್ ಎಂಬ ಊರಿನಲ್ಲಿ ಡಾಕ್ಟರಿಕೆ ಓದುತ್ತಾಳೆ. ಸವಣೂರಿನ ವೀಳ್ಯದೆಲೆ ವ್ಯಾಪಾರಿಯೊಬ್ಬರ ಮಗಳು ಅಲ್ಲಿ ಮೊದಲು ಸೇರಿದ್ದಳು. ಅವಳ ಬೆನ್ನಿಗೆ ಇವಳೂ ಹೋದಳು. ಹೋದ ವರ್ಷ ನಮ್ಮನ್ನು ಕರೆಸಿಕೊಂಡಳು. ಅವಳಿಗೆ ಆಸ್ಪತ್ರೆಯ ಡ್ಯೂಟಿ ಇದ್ದ ಒಂದು ದಿನ, ನಾನು ಅವಳ ಸಣ್ಣ ರೂಮಿನಲ್ಲಿ ಹಿಂದೆಮುಂದೆ ತಿರುಗುವುದನ್ನು ನೋಡಲಾರದೆ, ನಮ್ಮಿಬ್ಬರನ್ನೂ ಒಂದು ಪ್ರವಾಸಿ ವ್ಯಾನಿಗೆ ಹತ್ತಿಸಿದಳು. ಬೆಳಿಗ್ಗೆ ಹೊರಟು ಗ್ಯುಮ್ರಿ ಎಂಬ ಹಳೆಯ ಪಟ್ಟಣ, ಅದರಾಚೆಯ ಮರ್ಮಶೇನ್ ಎಂಬ ಮಠ ನೋಡಿಕೊಂಡು ಸಂಜೆಗೆ ವಾಪಸು.

"ಅಪ್ಪಾ, ಅಲ್ಲಿ ಎಲ್ಲಾರಿಗೂ ಅವಸರಾ ಮಾಡಬ್ಯಾಡ. ಗೈಡ್ ಇರ್ತಾಳ" ಎಂದಳು.

"ನಾ ಯಾಕ ಮಾಡ್ಲಿ?" ಎಂದೆ.

ವ್ಯಾನಿನಲ್ಲಿ ಪ್ರವಾಸಿಗಳು ಹದಿನಾಲ್ಕು ಜನ. ನಾನು ಡ್ರೈವರನ ಹಿಂದಿನ ಮೊದಲ ಸೀಟು ಹಿಡಿದೆ, ರಸ್ತೆ ಕಾಣದಿದ್ದರೆ ನನಗೆ ಹೊಟ್ಟೆ ತೊಳಸುತ್ತದೆ. ಶಾಂತಾಳಿಗೆ ಕೊನೆಯ ಸಾಲಿನ ಕಿಟಕಿ. ಒಟ್ಟಿಗೆ ಕೂತು ಪ್ರಯಾಣ ಮಾಡುವ ರೂಢಿ ನಮಗೆ ಮೊದಲಿನಿಂದಲೂ ಇಲ್ಲ. ಗೈಡ್ ಹೆಂಗಸಿನ ಹೆಸರು ಅನುಷ್. ನಲವತ್ತು ದಾಟಿದವಳು, ಗ್ಯುಮ್ರಿಯಲ್ಲೇ ಹುಟ್ಟಿದವಳು. ಎಲ್ಲರ ಕೈಗೂ ಒಂದೊಂದು ಹಾಳೆ ಕೊಟ್ಟಳು, ಯಾವ ಹೊತ್ತಿಗೆ ಎಲ್ಲಿ ಎಂದು. ಅಂಥ ಹಾಳೆ ನೋಡಿ ನನಗೆ ತೌರಿಗೆ ಬಂದಷ್ಟು ಸಂತೋಷವಾಯಿತು. ಆದರೆ ಹಾಳೆ ಕೊಟ್ಟವಳೇ ಅದನ್ನು ನೋಡಲಿಲ್ಲ. ಗ್ಯುಮ್ರಿ ತಲುಪುವುದರೊಳಗೆ ನಾವು ಮುಕ್ಕಾಲು ತಾಸು ತಡ.

ಕರಿಕಲ್ಲಿನ, ಕೆಂಗಲ್ಲಿನ ಮನೆಗಳ ಊರು ಅದು. ಮೂವತ್ತು ವರ್ಷಗಳ ಹಿಂದಿನ ಭೂಕಂಪದಲ್ಲಿ ಅರ್ಧ ಊರು ನೆಲಕ್ಕೆ ಕೂತಿತ್ತಂತೆ. ದೊಡ್ಡ ಚರ್ಚನ್ನು ರಿಪೇರಿ ಮಾಡಿದ್ದಾರೆ, ಅಂದು ಉರುಳಿಬಿದ್ದ ಶಿಖರವನ್ನು ಮಾತ್ರ ಅಂಗಳದಲ್ಲಿ ಹಾಗೆಯೇ ಬಿಟ್ಟಿದ್ದಾರೆ. ಅದರ ಮಗ್ಗುಲಲ್ಲಿ ನಿಂತು ಅನುಷ್ ತನ್ನ ಕಥೆ ಹೇಳಿದಳು. ಆಗ ಅವಳು ಸಣ್ಣ ಹುಡುಗಿ. ಶಾಲೆಯ ಗೇಟಿನ ಬಳಿ ತಾಯಿಯ ಜೊತೆ ನಿಂತು ಅಪ್ಪನಿಗಾಗಿ ಕಾದಿದ್ದಳು. ಗಿರಣಿಯಲ್ಲಿ ಕೆಲಸಕ್ಕಿದ್ದ ಅಪ್ಪ ಹೊತ್ತು ಮುಳುಗುವಾಗ ಮೈಯೆಲ್ಲ ಸುಣ್ಣದ ಧೂಳಾಗಿ ನಡೆದು ಬಂದನಂತೆ. ಪಕ್ಕದಲ್ಲಿ ನಿಂತಿದ್ದವರ ಮನೆಯವರು ಬರಲೇ ಇಲ್ಲ. ನನ್ನ ಅರೆಬರೆ ಇಂಗ್ಲಿಷಿಗೆ ದಕ್ಕಿದಷ್ಟನ್ನು ನಾನು ಶಾಂತಾಳಿಗೆ ಹೇಳಿದೆ. ಅವಳು ಆ ಬಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟು ನಿಂತಳು. ನಾನು ಗಡಿಯಾರ ನೋಡಿದೆ.

ಮಧ್ಯಾಹ್ನದ ಹೊತ್ತಿಗೆ ನಾನು ತಡೆಯಲಾರದೆ ಕೆಲಸಕ್ಕೆ ಇಳಿದಿದ್ದೆ. ಎಲ್ಲಿ ನಿಂತರೂ ಮೊದಲು ಇಳಿದು, ಕೊನೆಗೆ ಹತ್ತಿ, ತಲೆ ಎಣಿಸಿ, ಅನುಷ್‌ಗೆ ಹೆಬ್ಬೆರಳು ಎತ್ತಿ ತೋರಿಸುವುದು. ಅವಳು ನಕ್ಕು ಆ ಕೆಲಸ ನನಗೇ ಬಿಟ್ಟಳು. ಜರ್ಮನಿಯ ಒಬ್ಬ ಮುದುಕರಂತೂ ನನ್ನನ್ನು ಕಂಡೊಡನೆ ಓಡಿಬಂದು ಹತ್ತುತ್ತಿದ್ದರು. ನನಗೆ ಹೆಮ್ಮೆ ಎನಿಸಿತ್ತು ಎಂದರೆ ನೀವು ನಗಬೇಡಿ.

ಮರ್ಮಶೇನ್ ಇರುವುದು ಒಂದು ಹೊಳೆಯ ಕಣಿವೆಯಲ್ಲಿ. ಬೋಳು ಗುಡ್ಡ, ಇಟ್ಟಿಗೆ ಬಣ್ಣದ ಕಲ್ಲಿನ ಗುಡಿಯಂಥ ಕಟ್ಟಡಗಳು, ಸುತ್ತ ಸೇಬಿನ ಗಿಡ. ಗಾಳಿ ಕೊರೆಯುತ್ತಿತ್ತು. ಶಾಂತಾ ಕಂದು ಶಾಲನ್ನು ತಲೆತುಂಬ ಹೊದ್ದಿದ್ದಳು. "ಹೊಳಿಗೆ ಹೋಗಿ ಕಾಲ್ಮಾರಿ ತೊಳಕೊಂಡು ಬರ್ತೇನಿ" ಎಂದಳು. ನಾನು ಹಾಳೆ ನೋಡುತ್ತ "ಹ್ಞೂಂ" ಎಂದೆ.

ಹೊರಡುವ ಹೊತ್ತು ಮೀರಿತ್ತು. ಅನುಷ್ ಯಾರೊಂದಿಗೋ ಫೋನಿನಲ್ಲಿದ್ದಳು. ನಾನು ಚಪ್ಪಾಳೆ ತಟ್ಟಿ ಎಲ್ಲರನ್ನೂ ಹತ್ತಿಸಿದೆ, ಮುಂದಿನ ಬಾಗಿಲಿನಿಂದಲೇ ಎಣಿಸಿದೆ. ಹದಿಮೂರು ತಲೆ, ನನ್ನನ್ನು ಸೇರಿಸಿ ಹದಿನಾಲ್ಕು. ಕೊನೆಯ ಸಾಲಿನಲ್ಲಿ ಕಂದು ಬಟ್ಟೆ ಹೊದ್ದ ತಲೆ ಕಿಟಕಿಗೆ ಒರಗಿತ್ತು. ಹೆಬ್ಬೆರಳು ಎತ್ತಿದೆ. ವ್ಯಾನು ಹೊರಟಿತು.

ಕಾಲು ತಾಸು ಕಳೆದಿರಬೇಕು. ನೀರಿನ ಬಾಟಲಿ ಕೊಡೋಣವೆಂದು ಎದ್ದು ಹಿಂದೆ ಹೋಗಿ, "ಏ, ನೀರ ಕುಡೀತಿ ಏನ?" ಎಂದು ಭುಜ ಮುಟ್ಟಿದೆ. ಮುಖ ನನ್ನತ್ತ ತಿರುಗಿತು. ಯಾರೋ ಮುದುಕಿ. ಬಾಯಲ್ಲಿ ಎರಡು ಚಿನ್ನದ ಹಲ್ಲು, ನನ್ನನ್ನು ನೋಡಿ ನಕ್ಕಳು. ಮುಂದಿನ ಊರಿನವಳಂತೆ, ನಾನು ಎಣಿಸುವ ಮೊದಲೇ ಡ್ರೈವರ್ ಪಾಪವೆಂದು ಮಠದ ಬಳಿ ಹತ್ತಿಸಿಕೊಂಡಿದ್ದ. ಶಾಂತಾಳ ಚೀಲ ಆಕೆಯ ಪಕ್ಕದಲ್ಲೇ ಇತ್ತು. ಫೋನು ಆ ಚೀಲದೊಳಗೆ.

ಬೇರೆ ಇಂಗ್ಲಿಷು ಬಾಯಿಗೆ ಬರಲಿಲ್ಲ. "ಹೋಲ್ಡಾನ್! ಹೋಲ್ಡಾನ್!" ಎಂದು ವ್ಯಾನಿನ ತಗಡು ಬಡಿದೆ, ನಮ್ಮ ಬಸ್ಸುಗಳಲ್ಲಿ ಬಡಿಯುವ ಹಾಗೆ. ಡ್ರೈವರ್ ಗಕ್ಕನೆ ನಿಲ್ಲಿಸಿದ.

ಮುದುಕಿಯನ್ನೂ ಆ ಚೀಲವನ್ನೂ ನೋಡಿದ ಅನುಷ್ ಕೂಡಲೇ ವ್ಯಾನು ತಿರುಗಿಸಲು ಹೇಳಿದಳು. ಆ ಕಾಲು ತಾಸಿನ ದಾರಿಯನ್ನು ಹೇಗೆ ಹೇಳಲಿ? ಹೊಳೆ ಆಳ ಇರಬಹುದು. ಅವಳಿಗೆ ಅಲ್ಲಿಯ ಒಂದು ಮಾತೂ ಬರದು. ರೈಲು ಹಿಡಿಯಲು ಯಲವಿಗಿ ಸ್ಟೇಷನ್ನಿಗೆ ಕೂಡ ಒಬ್ಬಳೇ ಹೋದವಳಲ್ಲ. ಜರ್ಮನಿಯ ಮುದುಕರು ಒಮ್ಮೆ ಗಡಿಯಾರ ನೋಡಿಕೊಂಡರು. ನನಗೆ ಅವರ ಕೈ ಮುರಿಯಬೇಕೆನ್ನಿಸಿತು.

ಶಾಂತಾ ಹೊಳೆದಂಡೆಯ ಗಿಡ್ಡ ಗೋಡೆಯ ಮೇಲೆ ಕೂತಿದ್ದಳು. ಮಠ ಕಾಯುವ ಮುದುಕನೊಬ್ಬ ತುಸು ದೂರದಲ್ಲಿ ಕೂತು ಸೇಬು ಹೆಚ್ಚುತ್ತಿದ್ದ. ಅವಳ ಸೆರಗಿನಲ್ಲಿ ಸೇಬಿನ ಹೋಳು, ಪಕ್ಕದಲ್ಲಿ ಒಂದು ಲೋಟ ನೀರು.

"ಬಂದ್ರಿ?" ಎಂದಳು.

"ಬಂದೆ. ನಡಿ, ನಡಿ, ಗಾಡಿ ನಿಂತೈತಿ."

"ನಿಲ್ಲಲಿ. ಕುಂದರ್ರಿ ಇಲ್ಲೆ."

"ಮಂದಿ ಕಾಯಾಕತ್ತಾರ!"

"ಕಾಯಲಿ ಅಂತೇನಿ. ಕುಂದರ್ರಿ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳ ಆ ದನಿಯನ್ನು ನಾನು ಕೇಳಿರಲಿಲ್ಲ. ಕೂತೆ. ಅವಳು ನೀರು ನೋಡುತ್ತಲೇ ಹೇಳಿದಳು: "ಗಾಡಿ ಹ್ವಾದದ್ದು ಮ್ಯಾಲಿನ ದಾರ್ಯಾಗ ಕಾಣಿಸ್ತು. ಆಮ್ಯಾಲೆ ಅಪ್ಪನ ನೆಪ್ಪಾತು. ಹಂಸಭಾವ್ಯಾಗ ನೀವು ಬಿಟ್ಟು ಹ್ವಾದಾಗ ಅಪ್ಪ ಹಿಂಗ ನಿಂತಿದ್ದಿರಬೇಕು."

ನಾನು ಕೈಯಲ್ಲಿದ್ದ ಹಾಳೆಯನ್ನು ಮಡಿಸಿ ಜೇಬಿಗಿಟ್ಟೆ.

ಕಾವ್ಯಾ ಹುಟ್ಟಿದ್ದು ನಮ್ಮ ಮದುವೆಯಾಗಿ ಹದಿನಾಲ್ಕನೆಯ ವರ್ಷಕ್ಕೆ. ಬಾಣಂತನಕ್ಕೆ ತವರಿನಲ್ಲಿ ತಾಯಿ ಇರಲಿಲ್ಲವಾದ್ದರಿಂದ ಶಾಂತಾ ಶಿಗ್ಗಾಂವಿಯಲ್ಲೇ ಇದ್ದಳು. ಕೂಸು ನೋಡಲೆಂದು ಹಿರೇಕೆರೂರು ಕಡೆಯಿಂದ ನನ್ನ ಮಾವ ಹೊರಟರು. ನಾನು ಕಂಡಕ್ಟರ್ ಆಗಿದ್ದ ಬಸ್ಸಿಗೇ ಹತ್ತಿದರು. ಹಂಸಭಾವಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು, ಅವರು ಇಳಿದರು. ಅಂದು ನನಗೆ ಮೇಲಧಿಕಾರಿಯ ಬೈಗುಳದ ಭಯ. ಹಿಂದೆ ನೋಡದೆ "ರೈಟ್" ಎಂದೆ. ಆರೇಳು ಮೈಲಿ ಹೋದ ಮೇಲೆ ಖಾಲಿ ಸೀಟು ಕಂಡಿತು, ಅದರ ಮೇಲೆ ಅವರ ಗಂಟು. ಡ್ರೈವರ್ ಕೇಳಿದ, "ತಿರುಗಿಸೂಣೇನ್ರಿ?" ನಾನು, "ಬ್ಯಾಡ, ತಡಾ ಆಗೇತಿ. ಹಿಂದಿನ ಬಸ್ಸಿಗೆ ಬರ್ತಾರ" ಎಂದೆ. ಅವರು ಬರಲಿಲ್ಲ. ಹಿಂದಿನ ಬಸ್ಸು ಬರದೆ, ಸಂಜೆಯವರೆಗೆ ಕಾದು ಊರಿಗೆ ಮರಳಿದರಂತೆ. ತಿಂಗಳು ತುಂಬುವುದರೊಳಗೆ ತೀರಿಕೊಂಡರು. ಗಂಟಿನಲ್ಲಿ ಕೂಸಿನ ತಲೆಗೆಂದು ಹೊಲಿಸಿದ ಕುಂಚಿಗೆ ಇತ್ತು. ಅದನ್ನು ನಾನು ಶಾಂತಾಳ ಕೈಗಿಟ್ಟು, "ಬರಾಕ ಆಗಂಗಿಲ್ಲಂತ, ಕಳಿಸ್ಯಾರ" ಎಂದಿದ್ದೆ. ತಲೆ ಎಣಿಸುವ ಚಟ ಹತ್ತಿದ್ದು ಆ ದಿನದಿಂದ.

"ನಿನಗ ಹೆಂಗ ಗೊತ್ತು?" ಎಂದೆ.

"ಸಾಯೂಕಿಂತ ಮೊದಲ ಅಪ್ಪನ ಹೇಳಿ ಕಳಿಸಿದ್ದ. ಅಳ್ಯಾಗ ಏನೂ ಅನಬ್ಯಾಡ, ಡ್ಯೂಟಿ ಅಂದ್ರ ಡ್ಯೂಟಿ ಅಂದಿದ್ದ. ನೀವಾಗಿ ಹೇಳ್ತೀರಿ ಅಂತ ಕಾದೆ." ಸೇಬು ಹೆಚ್ಚುತ್ತಿದ್ದ ಮುದುಕನನ್ನು ತೋರಿಸಿದಳು. "ಅಂವ ಓಡಿ ಬಂದು ನೀರ ಕೊಟ್ಟ. ಅಪ್ಪಗೂ ಹಂಸಭಾವ್ಯಾಗ ಯಾರರ ಒಂದ್ ವಾಟಗಾ ನೀರ ಕೊಟ್ಟಿರಬೇಕು. ಇಷ್ಟು ವರ್ಷ ಇದು ತಲ್ಯಾಗ ಬಂದಿರಲಿಲ್ಲ ನೋಡ್ರಿ. ಬಿಸಿಲಾಗ ಒಬ್ಬನ ನಿಂತದ್ದಷ್ಟ ಕಾಣ್ತಿತ್ತು."

"ತಪ್ಪಾತು, ಶಾಂತಾ" ಎಂದೆ.

"ನನಗ ಹೇಳಬ್ಯಾಡ್ರಿ. ಕಾವ್ಯಾಗ ಹೇಳ್ರಿ. ಹೆಣ್ಣು ಹುಟ್ಟಿತಂತ ಅಜ್ಜ ನೋಡಾಕ ಸೈತ ಬರಲಿಲ್ಲ ಅಂತ ಆಕಿ ತಿಳಕೊಂಡಾಳ."

ನಾವು ಮೇಲೆ ಹತ್ತಿ ಬಂದಾಗ ಅನುಷ್ ವ್ಯಾನಿನ ಬಾಗಿಲಲ್ಲಿ ನಿಂತಿದ್ದಳು. ಶಾಂತಾಳ ಎರಡೂ ಕೈ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ವಾಪಸು ಬರುವಾಗ ನಾನು ಕೊನೆಯ ಸಾಲಿನಲ್ಲಿ ಕೂತೆ. ಹೊಟ್ಟೆ ತೊಳಸಿತು, ತಡೆದುಕೊಂಡೆ.

ಯೆರೆವಾನಿನಲ್ಲಿ ಇನ್ನೂ ಆರು ದಿನ ಇದ್ದೆವು. ಹೇಳಲಿಲ್ಲ. ಊರಿಗೆ ಬಂದ ಮೇಲೆ ವರ್ಷವಾಯಿತು. ಪ್ರತಿ ಭಾನುವಾರ ಮಗಳ ಫೋನು ಬರುತ್ತದೆ, ಅದು ಬರುವ ಹೊತ್ತಿಗೆ ನನಗೆ ಪೇಟೆಯಲ್ಲಿ ಏನಾದರೊಂದು ಕೆಲಸ ಹುಟ್ಟುತ್ತದೆ. ಶಾಂತಾ ಒತ್ತಾಯ ಮಾಡಿಲ್ಲ. ಅವಳಿಗೆ ಕಾಯುವುದು ಗೊತ್ತು, ನನಗೆ ಅದೇ ತಡೆಯಲಾಗುವುದಿಲ್ಲ.

ಇವತ್ತೂ ಭಾನುವಾರ. ಫೋನು ಬಂದಾಗ ನಾನು ಚಪ್ಪಲಿ ಮೆಟ್ಟಿದ್ದೆ. ಶಾಂತಾ ಒಲೆಯ ಮುಂದಿನಿಂದ ಏಳಲಿಲ್ಲ. ಅದು ಬಡಿದುಕೊಳ್ಳುತ್ತಲೇ ಇತ್ತು. ಹೋಗಿ ಎತ್ತಿಕೊಂಡೆ. ಹೇಳಿಬಿಟ್ಟೆ, ನಿಂತುಕೊಂಡೇ, ಹಂಸಭಾವಿಯಿಂದ ಕುಂಚಿಗೆಯವರೆಗೆ, ಒಂದೂ ಬಿಡದೆ. ಆ ಕಡೆಯಿಂದ ಮೂಗು ಎಳೆದುಕೊಂಡ ಸಪ್ಪಳ ಬಂತು.

"ಅಜ್ಜ ನನ್ನ ನೋಡಾಕ ಹೊಂಟಿದ್ರಾ?"

"ಹೊಂಟಿದ್ರವ್ವಾ."

"ಹೆಂಗಿದ್ರಪ್ಪಾ ಅವರು?"

ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡು ಅದಕ್ಕೆಲ್ಲ ಉತ್ತರ ಜೋಡಿಸಿಟ್ಟಿದ್ದೆ. ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತೆ. ಶಾಂತಾ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಎತ್ತರದ ಮನಷ್ಯಾ. ಬಲಗಾಲ ಒಂದೀಟು ಎಳೀತಿದ್ರು" ಎಂದೆ. "ಬಸ್ಸಿನ ತನಕಾ ಬರಾಕ ಅವರಿಗೆ ಸ್ವಲ್ಪ ಹೊತ್ತು ಬೇಕಾಗ್ತಿತ್ತು, ನನ್ನವ್ವಾ."